ಏಳನೆಯ ಪಾತಿಯ ಬೇರು

"ಮಾವ, ಇಲ್ಲಿ ಏಳು ಪಾತಿ ಇವೆ."

ಕುಕ್ಕರುಗಾಲಲ್ಲಿ ಕೂತು ಮಣ್ಣು ಮುಟ್ಟಿ ನೋಡುತ್ತಿದ್ದ ಹರ್ಷಿಣಿ ತಲೆಯೆತ್ತದೆಯೇ ಹೇಳಿದಳು.

ಇಂದುಶೇಖರ ಕಿವಿಗೆ ಸುತ್ತಿದ್ದ ಮಫ್ಲರ್ ಸಡಿಲಿಸಿದ. "ಇದ್ದರೆ ಏನಾಯ್ತು?"

"ಈ ತೋಟದ ಚಿದಂಬರ ಸರ್ ಬರೆದ ರಿಸರ್ಚ್ ಪೇಪರ್‌ನಲ್ಲಿ ಆರೇ ಇರೋದು. ಮೂರು ಸಲ ಓದಿದೀನಿ. ಏಳನೇದರ ಹೆಸರೇ ಇಲ್ಲ."

ಇಂದುಶೇಖರ ಎಣಿಸಿದ. ಹೌದು, ಏಳು. ಆರು ಪಾತಿಗಳು ತಂತಿಬೇಲಿಯ ಒಳಗೆ, ಹಸಿರು ಬಲೆಯ ನೆರಳಿನಲ್ಲಿ ಸಾಲಾಗಿದ್ದವು. ಕಪ್ಪು ಮಣ್ಣು, ನಡುವೆ ನೀರಿನ ಕೊಳವೆ. ಏಳನೆಯದು ಬೇಲಿಯಾಚೆ, ಗುಡ್ಡ ಏರಲು ಶುರುವಾಗುವಲ್ಲಿ, ಗರಸು ಕಲ್ಲಿನ ನಡುವೆ ಒಂಟಿಯಾಗಿ ಬಿದ್ದಿತ್ತು. ಅಲ್ಲಿಗೆ ಕೊಳವೆಯೂ ಇಲ್ಲ, ಬಲೆಯೂ ಇಲ್ಲ. ಎಲೆ ಉದುರಿಸಿಕೊಂಡ ಮೊಣಕಾಲೆತ್ತರದ ಕಡ್ಡಿಗಳು ಚಳಿಗೆ ಸೆಟೆದು ನಿಂತಿದ್ದವು.

ಗುರ್‌ಗಾಂವ್ ದಾಟಿ ಅರಾವಳಿ ಗುಡ್ಡಗಳ ಬುಡದಲ್ಲಿರುವ ಈ ವನೌಷಧಿ ತೋಟ ಒಂದು ಟ್ರಸ್ಟಿನದು. ಬೆಳಗಿನ ಹತ್ತಾಗಿದ್ದರೂ ಜನವರಿಯ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಭಾನುವಾರ. ಬಾಗಿಲು ತೆರೆದ ಮಾಲಿ ಒಬ್ಬನನ್ನು ಬಿಟ್ಟರೆ ಯಾರೂ ಕಾಣಲಿಲ್ಲ.

ಮಯೂರ್ ವಿಹಾರಿನ ತಮ್ಮ ಸೊಸೈಟಿಯ ಮೆಟ್ಟಿಲ ಮೇಲೆ ನಿವೃತ್ತ ಜಂಟಿ ಕಾರ್ಯದರ್ಶಿ ಈಶ್ವರಪ್ಪನವರು ತಲೆತಿರುಗಿ ಉರುಳಿ ಸತ್ತು ಅಂದಿಗೆ ನಲವತ್ತೇಳು ದಿನ.

ರಕ್ತದೊತ್ತಡಕ್ಕೆಂದು ಅವರು ಹನ್ನೊಂದು ವರ್ಷದಿಂದ ಸರ್ಪಗಂಧದ ಬೇರಿನ ಪುಡಿ ತೆಗೆದುಕೊಳ್ಳುತ್ತಿದ್ದರು. ರಾತ್ರಿ ಊಟವಾದ ಮೇಲೆ ಹಿತ್ತಾಳೆಯ ಒಂದು ಪುಟ್ಟ ಚಮಚ, ಬಿಸಿ ಹಾಲಿನಲ್ಲಿ. ಶವಪರೀಕ್ಷೆಯಲ್ಲಿ ಅದೇ ಬೇರಿನ ಸತ್ವ ಮಿತಿಮೀರಿ ಸಿಕ್ಕಿತ್ತು. ಪುಡಿ ಮಾಡುತ್ತಿದ್ದವರೂ ಅಳೆದು ಕೊಡುತ್ತಿದ್ದವರೂ ಅವರ ಹೆಂಡತಿ ಗಿರಿಜಮ್ಮ. "ಅಮ್ಮನಿಗೆ ಈಚೆಗೆ ಕಣ್ಣು ಮಂಜು" ಎಂದು ಮಗ ದಿಲೀಪ ಪೊಲೀಸರ ಮುಂದೆ ಹೇಳಿದ್ದ. ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಅಜಾಗರೂಕತೆಯಿಂದ ಸಾವು ಎಂದು ಗುರುವಾರ ಗಿರಿಜಮ್ಮನವರ ಮೇಲೆ ಕೇಸು ದಾಖಲಾಗಲಿತ್ತು.

ಇಂದುಶೇಖರ ಕೇಂದ್ರ ತನಿಖಾ ಇಲಾಖೆಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಅದೇ ಸೊಸೈಟಿಯ ಎದುರು ಬ್ಲಾಕಿನವನು. ಮೂರು ವಾರದ ಹಿಂದೆ ಗಿರಿಜಮ್ಮ ಅವನ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಒಂದೇ ಮಾತು ಕೇಳಿದ್ದರು: "ನನ್ನ ಅಳತೆ ತಪ್ಪಿತ್ತೋ ಇಲ್ಲವೋ, ಅಷ್ಟು ನೋಡಿ ಹೇಳಿ."

ಅಷ್ಟನ್ನು ನೋಡಲಿಕ್ಕೇ ಅವನು ಅಕ್ಕನ ಮಗಳನ್ನು ಕರೆದುಕೊಂಡು, ಆ ಬೇರು ಬರುತ್ತಿದ್ದ ಈ ತೋಟಕ್ಕೆ ಬಂದಿದ್ದ. ಹರ್ಷಿಣಿ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ವಿಶ್ವವಿದ್ಯಾಲಯದಲ್ಲಿ ಔಷಧಿ ಸಸ್ಯಗಳ ರಸಾಯನದ ಮೇಲೆ ಸಂಶೋಧನೆ ಮಾಡುತ್ತಿದ್ದಳು.

"ಭಯ್ಯಾ, ಒಂದು ಗಿಡ ಕೀಳ್ಲಾ?" ಎಂದು ಅವಳು ಮಾಲಿಯನ್ನು ಹಿಂದಿಯಲ್ಲಿ ಕೇಳಿದಳು. ಅವನು ಹೆಗಲು ಕುಣಿಸಿದ. ಬೇಲಿಯೊಳಗಿನ ಪಾತಿಯಲ್ಲಿ ಗಿಡ ಹಿಡಿದು ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಬೇರು ಹೆಬ್ಬೆರಳಿನಷ್ಟು ದಪ್ಪ, ನುಣುಪು. ಏಳನೆಯ ಪಾತಿಯಲ್ಲಿ ಮಾತ್ರ ಗುದ್ದಲಿ ಬೇಕಾಯಿತು. ಕಲ್ಲಿನ ಸಂದುಗಳಲ್ಲಿ ಸುತ್ತಿ ಸುತ್ತಿ ಇಳಿದಿದ್ದ ಬೇರು ಕಿರುಬೆರಳಿಗಿಂತ ಸಣ್ಣದು, ಗಂಟುಗಂಟು, ಒರಟು.

"ಮಾರೋಕೆ ಯಾವುದು ಚೆನ್ನಾಗಿದೆ?" ಹರ್ಷಿಣಿ ಎರಡನ್ನೂ ಮಾವನ ಮುಂದೆ ಹಿಡಿದಳು.

"ದಪ್ಪನೇದು."

"ಎಲ್ಲರೂ ಅದನ್ನೇ ಹೇಳ್ತಾರೆ. ಈಗ ನಾಲಿಗೆ ತುದಿಗೆ ಮುಟ್ಟಿಸಿ ನೋಡಿ. ನುಂಗಬೇಡಿ."

ದಪ್ಪ ಬೇರಿನ ತೊಗಟೆ ಕಹಿಯಾಗಿತ್ತು. ಸಣ್ಣದರದ್ದು ಬಾಯಿಗೆ ಮುಟ್ಟಿದ್ದೇ ತಡ, ನಾಲಿಗೆಯೇ ಮುದುಡಿಕೊಂಡಂತಾಯಿತು. ಇಂದುಶೇಖರ ಪಕ್ಕಕ್ಕೆ ಹೋಗಿ ಉಗಿದು ಬಂದ.

"ಮದ್ದಿರೋದು ತೊಗಟೆಯಲ್ಲಿ," ಎಂದಳು ಹರ್ಷಿಣಿ. "ಇದು ಸಣ್ಣದಾದ್ರೂ ಮೈತುಂಬಾ ತೊಗಟೆ. ಅದು ದಪ್ಪ, ಆದ್ರೆ ಒಳಗೆಲ್ಲ ಬರೀ ಕಟ್ಟಿಗೆ. ನೀರು, ಗೊಬ್ಬರ ಸಿಕ್ಕ ಗಿಡ ಮೈ ಬೆಳೆಸುತ್ತೆ. ಸಿಗದೇ ಇದ್ದದ್ದು ತನ್ನನ್ನ ಕಾಪಾಡ್ಕೊಳ್ಳೋಕೆ ಕಹಿ ಕೂಡಿಡುತ್ತೆ. ಎಲ್ಲ ಗಿಡದಲ್ಲೂ ಹೀಗೇ ಅಂತ ಹೇಳೋಕಾಗಲ್ಲ ಮಾವ. ಕೆಲವು ಗಿಡ ಕಷ್ಟಕ್ಕೆ ಸತ್ತೇ ಹೋಗುತ್ತವೆ. ಆದ್ರೆ ಇಲ್ಲಿ ಹಾಗೇ ಆಗಿರೋ ಹಾಗಿದೆ. ವಯಸ್ಸೂ ನೋಡಿ, ಇದನ್ನ ಮೂರು ವರ್ಷ ಯಾರೂ ಮುಟ್ಟಿಲ್ಲ."

"ಈಶ್ವರಪ್ಪನವರ ಶೀಶೆಯಲ್ಲಿದ್ದ ಪುಡಿ?"

"ಅದೇ ಹೇಳ್ತಿದೀನಿ. ಅವರ ಮನೇಲಿ ಉಳಿದಿದ್ದ ಹೋದ ವರ್ಷದ ಪುಡಿಗಿಂತ ಅದರಲ್ಲಿ ಸತ್ವ ದುಪ್ಪಟ್ಟು. ಯಾರಾದ್ರೂ ಹೊರಗಿಂದ ಮದ್ದು ತಂದು ಬೆರೆಸಿದ್ರೆ ಒಂದು ಅಂಶ ಮಾತ್ರ ಏರಬೇಕಿತ್ತು. ಇಲ್ಲಿ ಎಲ್ಲ ಅಂಶಗಳೂ ಜೊತೆಯಾಗಿ ಏರಿವೆ. ಅಂದ್ರೆ ಆ ಬೇರೇ ಬೇರೆ ಥರದ್ದು. ಯಾರೂ ಏನೂ ಬೆರೆಸಿಲ್ಲ."

ಇಂದುಶೇಖರ ಮನಸ್ಸಿನಲ್ಲೇ ಕೂಡಿಸಿ ನೋಡಿದ. ಗಿರಿಜಮ್ಮನವರಿಗೆ ಒಂದು ವಾಡಿಕೆ. ಪುಡಿ ಮಾಡಿದ ದಿನ ತೂಗಿ, ತಾರೀಖು ಮತ್ತು ತೂಕ ಎರಡನ್ನೂ ಶೀಶೆಯ ಮೇಲೆ ಬರೆದು ಅಂಟಿಸುವುದು. ಇನ್ಸ್‌ಪೆಕ್ಟರು ಹಳೆಯ ಪರಿಚಯದ ಮೇಲೆ, ವಶದಲ್ಲಿದ್ದ ಆ ಶೀಶೆಯನ್ನು ಮತ್ತೆ ತೂಗಿಸಿ, ಪರೀಕ್ಷೆಗೆ ಒಂದು ಚಿಟಿಕೆಯನ್ನೂ ಕೊಟ್ಟಿದ್ದರು. ನವೆಂಬರ್ ಇಪ್ಪತ್ತೆರಡರಿಂದ ಹತ್ತೊಂಬತ್ತು ರಾತ್ರಿ. ಖರ್ಚಾದದ್ದು ಸರಿಯಾಗಿ ಹತ್ತೊಂಬತ್ತು ಚಮಚ. ಒಂದು ಚಿಟಿಕೆ ಹೆಚ್ಚಿಲ್ಲ.

ಅಂದರೆ ಆಕೆಯ ಕೈ ತಪ್ಪಿರಲಿಲ್ಲ. ಅದೇ ಹೆಸರು, ಅದೇ ಚಮಚ, ಅದೇ ಹಾಲು. ಬೆಳೆದ ನೆಲ ಮಾತ್ರ ಬೇರೆ.

ಈಶ್ವರಪ್ಪನವರ ಕೊನೆಯ ದಿನಗಳು ಅವನಿಗೆ ನೆನಪಾದವು. ಬೆಳಗಿನ ನಡಿಗೆಯಲ್ಲಿ ಮೂಗು ಕಟ್ಟಿಕೊಂಡು ಬಾಯಿಂದ ಉಸಿರಾಡುತ್ತಿದ್ದರು. ಮಾತು ಕಡಿಮೆಯಾಗಿತ್ತು. ಬೆಂಚಿನಿಂದ ಏಳುವಾಗ ಒಂದು ಸಲ ಇಂದುಶೇಖರನ ತೋಳು ಹಿಡಿದಿದ್ದರು. "ದಿಲ್ಲಿ ಚಳಿ ಕಣಯ್ಯಾ," ಎಂದಿದ್ದರು. ಅವನೂ ಚಳಿಯೆಂದೇ ನಂಬಿದ್ದ. ಅದೆಲ್ಲ ಈ ಮದ್ದು ಹೆಚ್ಚಾದಾಗ ಆಗುವಂಥದ್ದು ಎಂದು ಹರ್ಷಿಣಿ ಮೊನ್ನೆ ಹೇಳಿದ ಮೇಲೆ ಅವನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

"ಗಿಡ ಕೀಳೋಕೆ ಯಾರು ಹೇಳಿದ್ದು?"

ಹಿಂದಿನಿಂದ ದನಿ ಬಂತು. ಡಾಕ್ಟರ್ ಚಿದಂಬರ ಬೇಲಿಯ ಬಳಿ ನಿಂತಿದ್ದ. ಎತ್ತರದ ಆಳು, ಮಂಕಿ ಕ್ಯಾಪಿನೊಳಗೆ ಮುಖ ಇನ್ನೂ ಸಣ್ಣದಾಗಿ ಕಾಣುತ್ತಿತ್ತು. ಅವನ ಕಣ್ಣು ಹರ್ಷಿಣಿಯ ಎಡಗೈಯಲ್ಲಿದ್ದ ಸಣ್ಣ ಬೇರಿನ ಮೇಲೆ ನೆಟ್ಟಿತ್ತು.

"ನಾನು," ಎಂದ ಇಂದುಶೇಖರ. "ಒಳಗೆ ಕೂತು ಮಾತಾಡೋಣ, ಡಾಕ್ಟ್ರೇ."

*

ಚಿದಂಬರನ ಕೋಣೆಯಲ್ಲಿ ಒಣಬೇರಿನ ವಾಸನೆ ತುಂಬಿತ್ತು. ಗೋಡೆಯ ಮೇಲೆ ದೊಡ್ಡ ಚಿತ್ರಪಟ: 'ಸಮಗಂಧ. ಎಲ್ಲಿ ಬೆಳೆದರೂ ಒಂದೇ ಗುಣ' ಎಂದು ಹಿಂದಿಯಲ್ಲಿ. ಹದಿನಾಲ್ಕು ವರ್ಷ ದುಡಿದು ಅವನು ರೂಪಿಸಿದ ಸರ್ಪಗಂಧದ ತಳಿ ಅದು. ಅದನ್ನು ಐದು ರಾಜ್ಯಗಳ ರೈತರಿಗೆ ಹಂಚಬಹುದೇ ಎಂದು ನೋಡಲು ಸರ್ಕಾರ ಒಂದು ಸಮಿತಿ ಮಾಡಿತ್ತು. ಅದರ ಅಧ್ಯಕ್ಷರು ಈಶ್ವರಪ್ಪನವರೇ. ಡಿಸೆಂಬರ್ ಹದಿನೈದಕ್ಕೆ ವರದಿ ಕೊಡಬೇಕಿತ್ತು. ಹನ್ನೊಂದಕ್ಕೆ ತೀರಿಕೊಂಡರು.

ಸತ್ತವರೂ ಇವನೂ ಮೈಸೂರಿನ ಹಾಸ್ಟೆಲಿನ ಕಾಲದಿಂದ ಗೆಳೆಯರು. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಕಟ್ಟು ಬೇರು ಈ ತೋಟದಿಂದಲೇ ಮಯೂರ್ ವಿಹಾರಿಗೆ ಹೋಗುತ್ತಿತ್ತು.

ಇಂದುಶೇಖರ ಎರಡು ಬೇರುಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ.

"ನಿಮ್ಮ ತಳಿ ಎಲ್ಲಿ ಬೆಳೆದರೂ ಒಂದೇ ಗುಣ ಅಂತ ಬರೆದಿದ್ದೀರಿ."

"ಬರೆದಿದ್ದೀನಿ."

"ಹಾಗಾದರೆ ಈ ವರ್ಷ ನೀವು ಕೊಟ್ಟ ಬೇರು ಹೋದ ವರ್ಷದ ಹಾಗೇ ಇದ್ದಿರಬೇಕು."

"ಇರಲೇಬೇಕು."

"ಈಶ್ವರಪ್ಪನವರ ಮೈಯಲ್ಲಿ ಸತ್ವ ಮಿತಿಮೀರಿತ್ತು. ಬೇರು ಅದೇ ಆಗಿದ್ದರೆ ಅಳತೆ ಹೆಚ್ಚಾಗಿರಬೇಕು. ಅಲ್ಲವಾ?"

ಚಿದಂಬರ ಮಂಕಿ ಕ್ಯಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಗುರುವಾರ ಗಿರಿಜಮ್ಮನವರ ಮೇಲೆ ಕೇಸಾಗುತ್ತೆ. ಅರವತ್ತಾರು ವರ್ಷ ಅವರಿಗೆ. ನೀವು ಅವರ ಕೈಯಡುಗೆ ಉಂಡವರು. ಅವರ ಕೈ ತಪ್ಪಿತ್ತು ಅಂತ ನಿಮ್ಮ ಬಾಯಲ್ಲಿ ಒಂದು ಸಲ ಕೇಳಬೇಕು ನನಗೆ. ಹೇಳಿಬಿಡಿ, ನಾನು ಎದ್ದು ಹೋಗ್ತೀನಿ."

ಹೊರಗೆ ಮಾಲಿ ಬಕೆಟ್ಟಿಗೆ ನೀರು ಬಿಡುವ ಸದ್ದು ಕೇಳಿಸುತ್ತಿತ್ತು. ಬಕೆಟ್ಟು ತುಂಬಿ ಚೆಲ್ಲತೊಡಗಿತು.

"ಸರ್," ಹರ್ಷಿಣಿಯೇ ಮೆಲ್ಲಗೆ ಕೇಳಿದಳು, "ಏಳನೇ ಪಾತಿ ಪೇಪರ್‌ನಲ್ಲಿ ಯಾಕಿಲ್ಲ?"

ಇಂದುಶೇಖರನ ಬೆದರಿಕೆಗೆ ಬಗ್ಗದ ಮನುಷ್ಯ ಆ ಹುಡುಗಿಯ ಪ್ರಶ್ನೆಗೆ ಬಗ್ಗಿದ. ಬಹುಶಃ ತನ್ನ ವಿದ್ಯೆಯ ಭಾಷೆಯಲ್ಲಿ ಕೇಳಿದ್ದಕ್ಕಿರಬೇಕು. ಎದ್ದು ಹೋಗಿ ಉಕ್ಕಿನ ಬೀರು ತೆರೆದ. ಹಸಿರು ರಟ್ಟಿನ ಪುಸ್ತಕವೊಂದನ್ನು ತಂದು ಅವಳ ಮುಂದಿಟ್ಟ. ಇಂದುಶೇಖರನ ಕಡೆ ನೋಡಲಿಲ್ಲ.

"ಎರಡು ಸಾವಿರದ ಐದರ ಬೇಸಿಗೆಯಲ್ಲಿ ಮೇಲಿನ ಪಂಪು ಕೆಟ್ಟಿತು. ರಿಪೇರಿ ಮಾಡಿಸೋಕೆ ಟ್ರಸ್ಟಿನವರು ವರ್ಷ ತಗೊಂಡರು. ಆ ಪಾತಿ ಹೋಯ್ತು ಅಂತಲೇ ಬಿಟ್ಟಿದ್ದೆ. ಅರ್ಧ ಗಿಡ ಸತ್ತವು. ಉಳಿದವನ್ನ ಹೋದ ವರ್ಷ ಸುಮ್ಮನೆ ಕುತೂಹಲಕ್ಕೆ ಪರೀಕ್ಷೆ ಮಾಡಿದೆ."

ಹರ್ಷಿಣಿ ಪುಟ ತಿರುವಿದಳು. ಒಂದು ಕಡೆ ಬೆರಳಿಟ್ಟು ನಿಲ್ಲಿಸಿದಳು. "ಡಬಲ್‌ಗಿಂತ ಜಾಸ್ತಿ."

"ಹೂಂ."

"ಇದನ್ನ ಯಾಕೆ ಬರೀಲಿಲ್ಲ ಸರ್?"

"ಆರು ಪಾತಿ ಒಂದೇ ಮಾತು ಹೇಳ್ತಿದ್ದವು, ಮಗು. ಒಂದೇ ಒಂದು ಬೇರೆ ಹೇಳಿತು. ಅದು ತಪ್ಪು ಲೆಕ್ಕ ಅಂದುಕೊಂಡೆ." ಚಿದಂಬರ ತಲೆಯಾಡಿಸಿದ. "ಅಲ್ಲ. ಹಾಗೆ ಅಂದುಕೊಳ್ಳೋಕೆ ಇಷ್ಟಪಟ್ಟೆ. ಆರಕ್ಕೂ ನಾನೇ ನೀರು ಕೊಟ್ಟಿದ್ದೆ, ನಾನೇ ನೆರಳು ಕಟ್ಟಿದ್ದೆ. ಆರೂ ಒಂದೇ ಪಾತಿ ಇದ್ದ ಹಾಗೆ. ಲೋಕದಲ್ಲಿ ರೈತನ ಹೊಲ ಹೇಗಿರುತ್ತೋ ಹಾಗಿದ್ದದ್ದು ಏಳನೇದು ಮಾತ್ರ."

ಹದಿನಾಲ್ಕು ವರ್ಷದ ಕೆಲಸವನ್ನು ಒಬ್ಬ ಮನುಷ್ಯ ನಾಲ್ಕು ಮಾತಿನಲ್ಲಿ ಕೆಳಗಿಟ್ಟದ್ದನ್ನು ಇಂದುಶೇಖರ ನೋಡಿದ. ಆದರೆ ಮರುಕಕ್ಕೆ ಅದು ಹೊತ್ತಾಗಿರಲಿಲ್ಲ.

"ಆ ಪಾತಿಯ ಬೇರು ಈಶ್ವರಪ್ಪನವರ ಮನೆಗೆ ಹೇಗೆ ಹೋಯ್ತು?"

"ನಾನು ಲಖನೌಗೆ ಹೋಗಿದ್ದೆ. ಆರು ಪಾತಿಗಳ ಬೇರನ್ನೂ ಪರೀಕ್ಷೆಗೆ ಅಂತ ಎಣಿಸಿ ಇಟ್ಟಿತ್ತು. ಮಾಲಿ ಅದನ್ನ ಮುಟ್ಟೋಕೆ ಹೆದರಿ ಏಳನೇದರಿಂದ ಕಿತ್ತು ಕಟ್ಟು ಕಟ್ಟಿಬಿಟ್ಟ. ಪ್ರತಿ ವರ್ಷ ಕಳಿಸ್ತೀವಲ್ಲ, ಅದೇ ನಂಬಿಕೆ. ನನಗೆ ಗೊತ್ತಾದದ್ದು ನವೆಂಬರ್ ಮೂವತ್ತಕ್ಕೆ."

"ಗೊತ್ತಾದ ಮೇಲೆ ಹನ್ನೊಂದು ದಿನ ಸುಮ್ಮನಿದ್ದಿರಿ."

"ಇರಲಿಲ್ಲ." ಚಿದಂಬರ ಮೊದಲ ಸಲ ಕಣ್ಣೆತ್ತಿ ನೋಡಿದ. "ಅವತ್ತೇ ಕಾಗದ ಬರೆದೆ."

"ಫೋನ್ ಇರಲಿಲ್ಲವಾ?"

"ಇತ್ತು. ಫೋನಲ್ಲಿ ಹೇಳಿದ್ದರೆ ಅವನು ಸಮಿತಿ ಅಧ್ಯಕ್ಷನಾಗಿ ಪ್ರಶ್ನೆ ಹಾಕ್ತಿದ್ದ. ಕಾಗದ ಆದರೆ ಗೆಳೆಯನಾಗಿ ಓದ್ತಾನೆ ಅಂದುಕೊಂಡೆ."

ಬೀರುವಿನಿಂದ ಅವನು ಕಾಗದದ ನಕಲು ತೆಗೆದು ಕೊಟ್ಟ. ಕಾರ್ಬನ್ ಹಾಕಿ ಬರೆದ ಕನ್ನಡ ಅಕ್ಷರ. ಅದರ ಹಿಂದೆ ಪಿನ್ನು ಚುಚ್ಚಿದ್ದ, ಅಂಚೆಯಲ್ಲಿ ಮರಳಿ ಬಂದ ರಿಜಿಸ್ಟರಿನ ಸ್ವೀಕೃತಿ ಚೀಟಿ.

'ಈಶ, ಈ ಸಲದ ಬೇರು ನಾನು ಕೊಡಬೇಕೆಂದಿದ್ದ ಬೇರಲ್ಲ. ಇದರ ಸತ್ವ ಎರಡರಷ್ಟಿದೆ. ಯಾಕೆಂದು ಎದುರಿಗೆ ಬಂದು ಹೇಳುತ್ತೇನೆ, ನೀನು ಬೈಯುವುದನ್ನೂ ಕೇಳುತ್ತೇನೆ. ಸದ್ಯಕ್ಕೆ ಪುಡಿ ಬಿಸಾಡು. ಬಿಸಾಡದಿದ್ದರೆ ಅಳತೆಯನ್ನು ಅರ್ಧಕ್ಕಿಳಿಸು. ಗಿರಿಜಕ್ಕನಿಗೂ ಹೇಳು.'

ಇಂದುಶೇಖರ ಎರಡು ಸಲ ಓದಿದ.

"ಗೆಳೆಯನಿಗೆ ಬರೆಯೋರು ರಿಜಿಸ್ಟರ್ ಮಾಡಿಸಲ್ಲ, ಡಾಕ್ಟ್ರೇ. ನಕಲೂ ಇಟ್ಕೊಳ್ಳಲ್ಲ."

ಚಿದಂಬರನ ಮುಖ ಕಪ್ಪಿಟ್ಟಿತು. "ಹೌದು. ಹೆದರಿದ್ದೆ. ಹೆದರಿದವನು ಬರೆದ ಕಾಗದ ಅದು. ಆದರೂ ಬರೆದೆ. ಹನ್ನೊಂದನೇ ತಾರೀಖು ಸುದ್ದಿ ಬಂದಾಗ, ಓದಿಯೂ ಅವನು ಯಾಕೆ ಹೀಗೆ ಮಾಡಿಕೊಂಡ ಅಂತ ನನಗೆ ಅರ್ಥ ಆಗಲಿಲ್ಲ. ಕಾಗದ ತಲುಪಿದೆ, ನೋಡಿ. ಸಹಿ ಇದೆ."

ಇಂದುಶೇಖರ ಚೀಟಿ ತಿರುಗಿಸಿದ. ಡಿಸೆಂಬರ್ ಮೂರರ ಅಂಚೆ ಮುದ್ರೆ. ಅದರ ಕೆಳಗೆ, ಪಡೆದವರ ಸಹಿಯ ಜಾಗದಲ್ಲಿ, ದುಂಡನೆಯ ಕನ್ನಡದಲ್ಲಿ ಒಂದು ಹೆಸರು.

ಗಿರಿಜಮ್ಮ.

ಶೀಶೆಯ ಮೇಲೆ ತೂಕ ಬರೆದಿದ್ದ ಕೈಯೇ ಅದು. ಅವನು ಇಡೀ ಉದ್ಯೋಗದಲ್ಲಿ ಸಾವಿರಾರು ಸಹಿ ನೋಡಿದವನು. ಇದಕ್ಕೆ ಭೂತಗನ್ನಡಿ ಬೇಕಾಗಿರಲಿಲ್ಲ.

*

ಹಿಂತಿರುಗುವಾಗ ಹೊಸದಾಗಿ ತೆರೆದ ಎಕ್ಸ್‌ಪ್ರೆಸ್ ರಸ್ತೆಯ ಟೋಲ್ ಸಾಲಿನಲ್ಲಿ ಕಾರು ನಿಂತಾಗ ಹರ್ಷಿಣಿ ಕೇಳಿದಳು.

"ಗಿರಿಜಾ ಆಂಟಿಗೆ ಗೊತ್ತಿತ್ತಾ ಮಾವ?"

"ಕಾಗದ ಅವರ ಕೈಗೆ ಬಂದದ್ದು ಗೊತ್ತು. ಅಷ್ಟೇ ಗೊತ್ತು."

"ಮತ್ತೆ ಮೂರು ವಾರದಿಂದ ನಮಗೆ ಯಾಕೆ ಹೇಳಲಿಲ್ಲ?"

ಇಂದುಶೇಖರನನ್ನು ಕಾಡುತ್ತಿದ್ದದ್ದೂ ಅದೇ. ಹತ್ತೊಂಬತ್ತು ಚಮಚ ಎಂಬ ಲೆಕ್ಕ ಬೆಳಿಗ್ಗೆ ಆಕೆಯನ್ನು ಕಾಪಾಡಿತ್ತು. ಆ ಚೀಟಿ ನೋಡಿದ ಮೇಲೆ ಅದೇ ಲೆಕ್ಕ ಆಕೆಯ ಕುತ್ತಿಗೆಗೆ ಬಂದಿತ್ತು. ಅರ್ಧಕ್ಕಿಳಿಸು ಎಂದು ಓದಿದವರು ಕೊನೆಯ ರಾತ್ರಿಯವರೆಗೂ ಪೂರ್ತಿ ಚಮಚ ಯಾಕೆ ಹಾಕಿದರು? ಮರೆತರೇ? ಅಜಾಗರೂಕತೆ ಎಂಬ ಸಣ್ಣ ಮಾತು ಇನ್ನು ಸಾಲದಾಗುತ್ತದೆ.

ಹರ್ಷಿಣಿಯನ್ನು ಅವಳ ಹಾಸ್ಟೆಲಿಗೆ ಬಿಟ್ಟು ಅವನು ಮಯೂರ್ ವಿಹಾರ್ ಸೇರುವ ಹೊತ್ತಿಗೆ ನಾಲ್ಕಾಗಿತ್ತು. ರಸ್ತೆಯ ನಡುವೆ ಮೆಟ್ರೋ ಕಂಬಗಳು ಅರ್ಧರ್ಧ ಎದ್ದು ನಿಂತಿದ್ದವು. ಸೊಸೈಟಿಯ ಹುಲ್ಲಿನ ಮೇಲೆ ಜನ ಬಿಸಿಲು ಕಾಯಿಸುತ್ತ ಕಡಲೆಕಾಯಿ ಬಿಡಿಸುತ್ತಿದ್ದರು. ಈಶ್ವರಪ್ಪನವರು ಬಿದ್ದ ಮೆಟ್ಟಿಲನ್ನು ಅವನು ನಿಧಾನವಾಗಿ ಹತ್ತಿದ.

ಗಿರಿಜಮ್ಮ ಬಾಗಿಲು ತೆರೆದರು. ಮನೆಯಲ್ಲಿ ಒಬ್ಬರೇ ಇದ್ದರು. ದಿಲೀಪ ಓಖ್ಲಾದಲ್ಲಿ ಗಿಡಮೂಲಿಕೆ ಸಾರ ತೆಗೆದು ರಫ್ತು ಮಾಡುವ ಕಾರ್ಖಾನೆಯೊಂದರ ಮ್ಯಾನೇಜರು. ಭಾನುವಾರವಾದರೂ ಏನೋ ಕೆಲಸವೆಂದು ಹೋಗಿದ್ದನಂತೆ.

"ಚಹಾ ಮಾಡ್ಲಾ?"

"ಬೇಡಿ. ಕೂತ್ಕೊಳ್ಳಿ."

ಆಕೆ ಕೂತರು. ಅಂದಿನಂತೆಯೇ ಕುರ್ಚಿಯ ತುದಿಯಲ್ಲಿ.

"ಗಿರಿಜಮ್ಮನವರೇ, ನೀವು ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ನಿಮ್ಮ ಅಳತೆ ಹೆಚ್ಚಾಗಿರಲಿಲ್ಲ. ಈ ಸಲದ ಬೇರೇ ಬೇರೆ ಇತ್ತು."

ನೆಮ್ಮದಿಯ ಉಸಿರು ಬರುತ್ತದೆಂದು ಅವನು ಕಾದ. ಆಕೆಯ ಮುಖದಲ್ಲಿ ಕಂಡದ್ದು ನೆಮ್ಮದಿಯಲ್ಲ. ಯಾರೋ ಬಾಗಿಲು ತಟ್ಟಿದಾಗ ಬೆಚ್ಚಿ ಕೂರುವವರಂತೆ ಕೂತಿದ್ದರು.

"ನಿಜವಾಗ್ಲೂ ಹೆಚ್ಚಾಗಿರಲಿಲ್ವಾ? ಸರಿಯಾಗಿ ನೋಡಿದ್ರಾ?"

"ಸರಿಯಾಗಿ ನೋಡಿದೆ." ಅವನು ಚಿದಂಬರನಿಂದ ಕೇಳಿ ತಂದಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. "ಇದನ್ನ ಈಗ ನೀವು ನೋಡಿ."

ಗಿರಿಜಮ್ಮ ಕನ್ನಡಕ ಹಾಕಿಕೊಳ್ಳದೆಯೇ ನೋಡಿದರು. ದೂರದಿಂದಲೇ ಗುರುತು ಸಿಕ್ಕಿತ್ತು.

"ನನ್ನ ಸಹಿ."

"ಕಾಗದ ಓದಿದ್ರಾ?"

"ಓದಿದೆ. ಅವರಿಗೂ ಓದಿ ಹೇಳಿದೆ. 'ಚಿದಂಬರ ಹೆದರುಪುಕ್ಕಲ, ಬಿಸಾಡೋದೆಲ್ಲ ಏನೂ ಬೇಡ, ಅರ್ಧ ಹಾಕು, ವರದಿ ಮಾತು ಅವನ ಹತ್ತಿರ ಆಮೇಲೆ ಆಡ್ತೀನಿ' ಅಂದರು. ಅವತ್ತು ರಾತ್ರಿಯಿಂದ ಅರ್ಧ ಚಮಚವೇ ಹಾಕ್ತಿದ್ದೆ."

"ಅರ್ಧ?"

"ಅರ್ಧ. ಎಂಟು ರಾತ್ರಿ. ಚಮಚದ ಅರ್ಧಕ್ಕೆ ಚಾಕುವಿನಿಂದ ಗೆರೆ ಎಳೆದಿದ್ದೆ. ತಂದು ತೋರಿಸ್ಲಾ?"

ಇಂದುಶೇಖರ ಕೈ ಅಡ್ಡ ಹಿಡಿದ. ಆಕೆ ಸುಳ್ಳು ಹೇಳುತ್ತಿಲ್ಲವೆಂದು ಅವನಿಗೆ ಅನ್ನಿಸಿತು. ಆದರೆ ಶೀಶೆಯೂ ಸುಳ್ಳು ಹೇಳುವ ಹಾಗಿರಲಿಲ್ಲ. ಎಂಟು ರಾತ್ರಿ ಅರ್ಧರ್ಧ ಹಾಕಿದ್ದರೆ ನಾಲ್ಕು ಚಮಚ ಪುಡಿ ಶೀಶೆಯಲ್ಲೇ ಉಳಿದಿರಬೇಕಿತ್ತು. ಉಳಿದಿರಲಿಲ್ಲ.

"ಗಿರಿಜಮ್ಮನವರೇ, ಆ ಎಂಟು ಅರ್ಧ ಚಮಚ ಎಲ್ಲಿಗ್ಹೋಯ್ತು?"

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ಬಿಚ್ಚಿದರು. ಮತ್ತೆ ಸುತ್ತಿದರು.

"ಹಾಲು ಕೊಟ್ಟು ನಾನು ಮಲಗಿಬಿಡ್ತೀನಿ. ಅವರು ಓದ್ತಾ ಕೂತಿರ್ತಿದ್ದರು. ಕುಡಿದ ಲೋಟ ಅಲ್ಲೇ ಟೀಪಾಯಿ ಮೇಲೆ ಇರ್ತಿತ್ತು, ಬೆಳಿಗ್ಗೆ ನಾನು ಎತ್ತಿಡೋದು. ಯಾವತ್ತೂ ಹಾಗೇ." ಉಸಿರು ತೆಗೆದುಕೊಂಡರು. "ಆ ಕೊನೇ ವಾರ ನಾನೇಳೋ ಹೊತ್ತಿಗೆ ಲೋಟ ಅಡುಗೆಮನೇಲಿ ತೊಳೆದು ಬೋರಲು ಹಾಕಿರ್ತಿತ್ತು. ದಿನಾ. ನಲವತ್ನಾಲ್ಕು ವರ್ಷದಲ್ಲಿ ನಮ್ಮನೆಯವರು ಒಂದು ಲೋಟ ತೊಳೆದೋರಲ್ಲ."

ಆಕೆ ಮಲಗಿದ ಮೇಲೆ ಉಳಿದರ್ಧ ಬೆರೆಸಿ ಎರಡನೆಯ ಸಲ ಹಾಲು ಕೊಟ್ಟು, ಲೋಟ ತೊಳೆದಿಟ್ಟ ಕೈ ಯಾವುದು ಎಂದು ಇಂದುಶೇಖರ ಕೇಳಲಿಲ್ಲ. ಆ ಮನೆಯಲ್ಲಿದ್ದವರು ಮೂವರೇ. ಕನ್ನಡ ಓದಲು ಬರುತ್ತಿದ್ದದ್ದು ಇಬ್ಬರಿಗೆ. ಮೇಜಿನ ಮೇಲೆ ಬಿದ್ದಿದ್ದ ಕನ್ನಡದ ಕಾಗದ ಮೂರನೆಯವನಿಗೆ ಬರೀ ಗೆರೆಗಳು. ಅಮ್ಮ ಅರ್ಧ ಚಮಚ ಹಾಕುವುದನ್ನು ಅವನು ನೋಡಿದ್ದರೆ, ಕಣ್ಣು ಮಂಜಾಗಿ ಕಡಿಮೆ ಅಳೆಯುತ್ತಿದ್ದಾಳೆ ಎಂದು ತಾನೇ ಉಳಿದರ್ಧ ಹಾಕಿ ತಪ್ಪು ತಿದ್ದಿರಬಹುದು. ಇಲ್ಲವೇ, ಏಳನೆಯ ಪಾತಿಯ ಬೇರಿನ ಸತ್ವ ಎಷ್ಟೆಂದು ಓಖ್ಲಾದ ಕಾರ್ಖಾನೆಯಲ್ಲಿ ಅವನಿಗೆ ಮೊದಲೇ ಗೊತ್ತಾಗಿ, ಬೇಕೆಂದೇ ಹಾಕಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಲೋಟ ಹಾಲು.

"ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ನನ್ನ ತಪ್ಪು ಹುಡುಕಿ ಕೊಡ್ತೀರಿ ಅಂತ ಬಂದಿದ್ದೆ," ಎಂದರು ಗಿರಿಜಮ್ಮ. ದನಿ ಸ್ಪಷ್ಟವಾಗಿತ್ತು. "ಕೈ ನಡುಗಿ ಎಲ್ಲಾದರೂ ಹೆಚ್ಚು ಬಿದ್ದಿರಬಹುದು, ನೀವು ಲೆಕ್ಕ ಹಾಕಿ ಹೇಳ್ತೀರಿ ಅಂದುಕೊಂಡಿದ್ದೆ. ಆಗ ಇನ್ಯಾರನ್ನೂ ಏನೂ ಕೇಳೋ ಹಾಗಿರಲಿಲ್ಲ, ನೋಡಿ."

ಮೂರು ವಾರದಿಂದ ಇಂದುಶೇಖರ ಆಕೆಯನ್ನು ಕಾಪಾಡುತ್ತಿದ್ದೇನೆಂದು ಓಡಾಡಿದ್ದ. ಆಕೆ ಬಯಸಿದ್ದು ಬೇರೆಯೇ ಆಗಿತ್ತು.

ಹೊರಬಾಗಿಲ ಬೀಗದಲ್ಲಿ ಕೀಲಿ ತಿರುಗಿತು. ದಿಲೀಪ ಒಳಗೆ ಬಂದ. ಮೂವತ್ತೆಂಟರ, ಅಪ್ಪನದೇ ಹಣೆಯ ಮನುಷ್ಯ. ಹೆಲ್ಮೆಟ್ಟು ಕೈಯಲ್ಲಿತ್ತು. ಮೇಜಿನ ಮೇಲಿನ ಚೀಟಿಯ ಮೇಲೆ ಅವನ ಕಣ್ಣು ಒಂದು ಕ್ಷಣ ನಿಂತು ಮುಂದೆ ಸರಿಯಿತು.

"ಅಚ್ಛಾ, ಅಂಕಲ್ ಬಂದಿದೀರಾ. ಕುಛ್ ಪತಾ ಚಲಾ? ಏನಾದ್ರೂ ಗೊತ್ತಾಯ್ತಾ?"

ಇಂದುಶೇಖರ ಬಾಯಿ ತೆರೆಯುವ ಮೊದಲೇ ಗಿರಿಜಮ್ಮ ಎದ್ದು ನಿಂತರು. ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಗೊತ್ತಾಯ್ತು ಕಣೋ," ಎಂದರು. "ಅಳತೆ ತಪ್ಪಿದ್ದು ನಾನೇ. ಅಂಕಲ್ ಎಲ್ಲ ಲೆಕ್ಕ ಮಾಡಿ ನೋಡಿದಾರೆ."

ದಿಲೀಪ ಅಮ್ಮನನ್ನು ನೋಡಿದ. ಆಮೇಲೆ ಇಂದುಶೇಖರನನ್ನು. ಹೆಲ್ಮೆಟ್ಟನ್ನು ಸದ್ದಾಗದಂತೆ ನೆಲದ ಮೇಲಿಟ್ಟ.

"ನಹೀ ಅಮ್ಮಾ," ಎಂದ. "ನೀನಲ್ಲ."